ಮಾವನ ಪಾಲಿನ ಗುಟುಕು

ಪುಂಜಾಲಕಟ್ಟೆ
೮ ಆಗಸ್ಟ್ ೧೯೮೩

ಸುಬ್ಬಯ್ಯ ಮಾವನಿಗೆ,

ಅಳಿಯ ಸಂಕಪ್ಪನ ನಮಸ್ಕಾರ. ನಾನು ಕ್ಷೇಮ. ಈ ಎರಡು ಶಬ್ದ ಬರೆಯಲಿಕ್ಕೆ ನನಗೆ ಒಂದೂವರೆ ವರ್ಷ ಹಿಡಿಯಿತು, ಆದ್ದರಿಂದ ಇನ್ನೊಮ್ಮೆ ಬರೆಯುತ್ತೇನೆ: ನಾನು ಕ್ಷೇಮ. ನೀವು ತೀರಿಹೋಗಿ ಒಂಬತ್ತು ವರ್ಷವಾಯಿತು, ನಿಮ್ಮ ಕ್ಷೇಮವನ್ನು ಹೇಗೆ ವಿಚಾರಿಸುವುದೆಂದು ನನಗೆ ಗೊತ್ತಿಲ್ಲ. ಬದುಕಿದ್ದಾಗ ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಕಾಗದ ಬರೆಯಲಿಕ್ಕೆ ಶಾಲೆಯಲ್ಲಿ ಕಲಿಸಿದ್ದು ಕನ್ನಡ. ಹಾಗಾಗಿ ನಾನು ಸ್ವಲ್ಪ ಮಾಸ್ಟ್ರ ಹಾಗೆ ಕೇಳಿಸಿದರೆ ನಗಬೇಡಿ.

ನಿನ್ನೆ ನಿಮಗೆ ಅಗೆಲು ಬಡಿಸಿದೆವು. ಆಟಿ ತಿಂಗಳಲ್ಲಿ ಮನೆಯ ಸತ್ತವರನ್ನು ಕರೆದು ಊಟ ಬಡಿಸುವ ಕ್ರಮವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಇಪ್ಪತ್ತು ವರ್ಷ ಈ ಮನೆಯಲ್ಲಿ ಅದನ್ನು ಬಡಿಸಿದವರು ನೀವು. ಬಾಳೆಲೆಯಲ್ಲಿ ರೊಟ್ಟಿ, ಕೋಳಿ ಸಾರು, ಪಕ್ಕದಲ್ಲಿ ಗ್ಲಾಸಿನ ತುಂಬ ಸಾರಾಯಿ. ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು. ಸತ್ತವರು ಉಂಡಾಯಿತು ಅನ್ನುವಷ್ಟು ಹೊತ್ತು ಕಾದು ಬಾಗಿಲು ತೆಗೆಯುವುದು. ಆಮೇಲೆ ಆ ಗ್ಲಾಸಿನಿಂದ ಮೊದಲ ಗುಟುಕು ಮನೆಯ ಹಿರಿಯ ಗಂಡಸಿನದ್ದು. ನಿಮ್ಮ ನಂತರ ಆ ಹಿರಿಯ ಗಂಡಸು ನಾನು. ಅಳಿಯ ಕಟ್ಟಿನ ಮನೆಯಲ್ಲಿ ಮಾವನದ್ದೆಲ್ಲ ತಂಗಿಯ ಮಗನಾದ ಅಳಿಯನಿಗೆ ಬರುತ್ತದೆ, ಗುಟುಕು ಕೂಡ. ನಿನ್ನೆ ನೀವು ಒಳಗೆ ಉಣ್ಣುವಾಗ ಹೊರಗೆ ಚಾವಡಿಯಲ್ಲಿ ನಡೆದದ್ದು ನಿಮಗೆ ಕೇಳಿಸಿತೋ ಇಲ್ಲವೋ. ಬೇರೆ ಯಾರಾದರೂ ಸತ್ತು ಅಲ್ಲಿಗೆ ಬಂದು ಚಾಡಿ ಹೇಳುವ ಮೊದಲು ನಾನೇ ಹೇಳುತ್ತೇನೆ.

ಕಳೆದ ವರ್ಷ ಫೆಬ್ರವರಿಯಲ್ಲಿ ನಾನು ಕುಡಿಯುವುದನ್ನು ಬಿಟ್ಟೆ. ಗುರುವಾಯನಕೆರೆಯ ಹತ್ತಿರ ಹಾಡುಹಗಲಿನಲ್ಲಿ ನಾನು ಓಡಿಸುತ್ತಿದ್ದ ಬಸ್ಸನ್ನು ಮೋರಿಯ ಕಟ್ಟೆಗೆ ತಾಗಿಸಿದೆ. ಒಳಗೆ ನಲವತ್ತು ಜನ ಇದ್ದರು. ಯಾರಿಗೂ ಏನೂ ಆಗಲಿಲ್ಲ. ಒಬ್ಬಳು ಮುದುಕಿಯ ಬುಟ್ಟಿಯಲ್ಲಿದ್ದ ಮೊಟ್ಟೆ ಮಾತ್ರ ಒಡೆಯಿತು. ಅವಳು ಹತ್ತಿರ ಬಂದು ನನ್ನ ಬಾಯಿ ಮೂಸಿ ನೋಡಿ ಒಂದು ಮಾತೂ ಆಡದೆ ಇಳಿದು ಹೋದಳು. ಬೈದಿದ್ದರೆ ನಾನು ಇವತ್ತೂ ಕುಡಿಯುತ್ತಿದ್ದೆನೋ ಏನೋ. ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿ, ನಡುಗಿ, ಗೋಡೆಯ ಮೇಲೆ ಇಲ್ಲದ ಹುಳಗಳನ್ನು ಕಂಡು, ಮನೆಗೆ ಬಂದೆ. ಎಲ್ಲರೂ ಕಥೆ ಮುಗಿಯಿತು ಅಂದುಕೊಂಡರು.

ಕಥೆ ಶುರುವಾದದ್ದೇ ಆಮೇಲೆ, ಮಾವ. ಕುಡಿಯುವಾಗ ನನಗೆ ಶರೀರ ಅನ್ನುವುದೊಂದು ಉಂಟೆಂದು ಗೊತ್ತೇ ಇರಲಿಲ್ಲ. ಬಿಟ್ಟ ಮೇಲೆ ಅದರ ಹೊರತು ಬೇರೇನೂ ಇಲ್ಲ ಎಂದಾಯಿತು. ಬೆಳಗ್ಗೆ ಎದ್ದ ಕೂಡಲೇ ಕಣ್ಣಿನ ಬಿಳಿ ಹಳದಿಯಾಗಿದೆಯೇ ಎಂದು ಕನ್ನಡಿಯಲ್ಲಿ ನೋಡುವುದು. ಬಸ್ಸಿಗೆ ಹತ್ತಿದ ಮೇಲೆ ಬಸ್ಸಿನ ಕನ್ನಡಿಯಲ್ಲಿ ಪುನಃ ನೋಡುವುದು, ಮನೆಯ ಕನ್ನಡಿ ಸುಳ್ಳು ಹೇಳಿರಬಹುದಲ್ಲ. ಬಲಬದಿಯ ಪಕ್ಕೆಲುಬಿನ ಕೆಳಗೆ ಒತ್ತಿ ಒತ್ತಿ ಲಿವರ್ ಹುಡುಕುವುದು. ಒತ್ತಿದ್ದಕ್ಕೇ ನೋವು ಬರುತ್ತಿತ್ತು, ಆ ನೋವಿಗೆ ಹೆದರಿ ಇನ್ನಷ್ಟು ಒತ್ತುವುದು. ಕಾಲು ಬಾತಿದೆಯೇ ಎಂದು ನಿಮ್ಮ ಕಾಲನ್ನು ನೆನಪು ಮಾಡಿಕೊಂಡು ನನ್ನ ಕಾಲನ್ನು ನೋಡುವುದು. ಎಲ್ಲಕ್ಕಿಂತ ಹೆಚ್ಚಾಗಿ ನಾಡಿ. ಎರಡು ಗೇರಿನ ನಡುವೆ ಸಿಗುವ ಪುರುಸೊತ್ತಿನಲ್ಲಿ ಬೆರಳು ಮಣಿಕಟ್ಟಿಗೆ ಹೋಗುತ್ತಿತ್ತು.

ಡಾಕ್ಟರರನ್ನು ನಾನು ಬಿಡಲಿಲ್ಲ. ಬಂಟ್ವಾಳದಲ್ಲಿ ಒಬ್ಬರು, ಬೆಳ್ತಂಗಡಿಯಲ್ಲಿ ಒಬ್ಬರು, ರಜೆಯ ದಿನಕ್ಕೆ ಮೂಡಬಿದ್ರೆಯಲ್ಲಿ ಒಬ್ಬರು. ಒಬ್ಬರಿಗೆ ಇನ್ನೊಬ್ಬರ ವಿಷಯ ಹೇಳುತ್ತಿರಲಿಲ್ಲ. ಎಲ್ಲರೂ ಲಿವರಿನ ಬಾವು ಇಳಿದಿದೆ, ಹೃದಯ ಗಟ್ಟಿ ಉಂಟು ಎಂದೇ ಹೇಳಿದರು. ಮೂವರೂ ಒಂದೇ ಮಾತು ಹೇಳಿದರೆ ಅದರಲ್ಲಿ ಏನೋ ಮರ್ಮ ಇದೆ ಎಂದು ನನಗೆ ಅನಿಸುತ್ತಿತ್ತು. ಒಂದು ದಿನ ಬಂಟ್ವಾಳದವರೂ ಬೆಳ್ತಂಗಡಿಯವರೂ ಉಜಿರೆಯ ಮದುವೆಗೆಂದು ನನ್ನದೇ ಬಸ್ಸಿಗೆ ಹತ್ತಿ, ನನ್ನ ಹಿಂದಿನ ಸೀಟಿನಲ್ಲೇ ಕುಳಿತರು. "ಈ ಡ್ರೈವರ್ ನನ್ನ ಪೇಶಂಟ್" ಎಂದರು ಒಬ್ಬರು. "ನಿಮ್ಮದಾ? ನನ್ನದೂ ಹೌದಲ್ಲ ಮಾರಾಯ್ರೆ!" ಎಂದರು ಇನ್ನೊಬ್ಬರು. ಉಜಿರೆ ಬರುವವರೆಗೆ ಇಬ್ಬರೂ ನಕ್ಕರು. ಇಳಿಯುವಾಗ ಬೆಳ್ತಂಗಡಿಯವರು ನನ್ನ ಹೆಗಲು ಮುಟ್ಟಿ, "ಸಂಕಪ್ಪ, ನಿಮಗೆ ಇರುವುದು ಹೆದರಿಕೆ. ಅದು ನಿಜವಾದ ಕಾಯಿಲೆಯೇ, ನಾನು ಇಲ್ಲ ಹೇಳುದಿಲ್ಲ. ಆದರೆ ಅದರಿಂದ ಯಾರೂ ಸಾಯುದಿಲ್ಲ" ಎಂದರು. ನನಗೆ ನಾಚಿಕೆಯಾಯಿತು. ಮರುದಿನ ಮೂಡಬಿದ್ರೆಯವರ ಹತ್ತಿರ ಹೋದೆ.

ಒಮ್ಮೆ ಉಜಿರೆ ದಾಟಿದ ಮೇಲೆ ನಡುದಾರಿಯಲ್ಲಿ ಎದೆ ಹಾರಿತು, ಕೈ ಜುಮುಗುಟ್ಟಿತು. ಇದೇ ಕೊನೆ ಎಂದುಕೊಂಡು ಬಸ್ಸನ್ನು ಬದಿಗೆ ನಿಲ್ಲಿಸಿ, ಇಳಿದು ಹುಲ್ಲಿನ ಮೇಲೆ ಮಲಗಿದೆ. ಕಂಡಕ್ಟರ್ ಬಾವಾ ನೀರು ತಂದ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: "ಸಂಕಪ್ಪಣ್ಣ, ಸಾಯುದಾದರೆ ಕಕ್ಕಿಂಜೆಗೆ ಮುಟ್ಟಿಸಿ ಸಾಯಿರಿ. ಇಲ್ಲಿ ಸತ್ತರೆ ಇಷ್ಟು ಜನರನ್ನು ನಾನು ಎಂತ ಮಾಡುದು?" ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎದ್ದು ಬಸ್ಸು ಓಡಿಸಿದೆ. ಕಕ್ಕಿಂಜೆ ಮುಟ್ಟಿತು, ನಾನು ಸಾಯಲಿಲ್ಲ. ಹೆದರಿಕೆಗೆ ಸಿಟ್ಟು ಒಳ್ಳೆಯ ಮದ್ದು ಎಂದು ನನಗೆ ತಿಳಿದದ್ದು ಅವತ್ತು.

ಇಷ್ಟರಲ್ಲಿ ಮನೆಯಲ್ಲಿ ಬೇರೆಯೇ ಒಂದು ಕಾರಣ ತಯಾರಾಗಿತ್ತು. ಕಳೆದ ವರ್ಷ ಆಟಿಯಲ್ಲಿ ನಾನು ಡ್ಯೂಟಿಯ ನೆಪ ಹೇಳಿ ಅಗೆಲು ಬಡಿಸಲಿಲ್ಲ. ನಿಜ ಹೇಳುವುದಾದರೆ ಆ ಗ್ಲಾಸಿನ ವಾಸನೆಗೆ ಹೆದರಿದ್ದೆ. ಈ ವರ್ಷ ನನ್ನ ಅಮ್ಮ, ನಿಮ್ಮ ತಂಗಿ ಸರಸ, ನಾನು ನಾಡಿ ಹಿಡಿದುಕೊಂಡು ಕೂರುವುದನ್ನು ನೋಡಲಾರದೆ ಬಲಿಮೆ ಇಟ್ಟು ದೋಷ ನೋಡುವವರ ಹತ್ತಿರ ಹೋದಳು. ಜೊತೆಗೆ ಹೋದವರು ಡೊಂಬಯ್ಯ. ನಿಮ್ಮ ಜೊತೆ ಪ್ರತಿ ಸಂಜೆ ಕುಡಿಯಲಿಕ್ಕೆ ಕೂರುತ್ತಿದ್ದ ಅದೇ ಡೊಂಬಯ್ಯ. ಎಲೆ, ಅಡಿಕೆ ಇಟ್ಟು ನೋಡಿ ಬಲಿಮೆಯವರು ಹೇಳಿದರಂತೆ: ಮನೆಯ ಒಬ್ಬ ಹಿರಿಯನಿಗೆ ಒಂದು ವರ್ಷದಿಂದ ಬಾಯಾರಿಕೆ, ಅವನು ಅಳಿಯನ ಎದೆಯ ಮೇಲೆ ಕುಳಿತಿದ್ದಾನೆ. ಅಗೆಲು ಬಡಿಸಿ ಅಳಿಯ ಒಂದು ಗುಟುಕು ಕುಡಿದರೆ ಇಳಿದು ಹೋಗುತ್ತಾನೆ. ಅಮ್ಮ ಮನೆಗೆ ಬಂದು ನನ್ನ ಕಾಲ ಬುಡದಲ್ಲಿ ಕುಳಿತು ಅತ್ತಳು. "ಒಂದೇ ಗುಟುಕು ಮಗ. ಅಣ್ಣ ಹೋದ ಹಾಗೆ ನೀನೂ ಹೋದರೆ ನಾನು ಎಂತ ಮಾಡ್ಲಿ?"

ಬಲಿಮೆಯವರು ಹೇಳಿದ್ದು ಪೂರಾ ಸುಳ್ಳಾಗಿದ್ದರೆ ನನಗೆ ಕಷ್ಟವೇ ಇರಲಿಲ್ಲ. ಒಂದು ಗುಟುಕು ಕುಡಿದರೆ ಈ ಎದೆ ಸುಮ್ಮನಾಗುತ್ತದೆ, ಕೈ ನಿಲ್ಲುತ್ತದೆ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಎರಡನೆಯ ಗುಟುಕು ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತು.

ಈಗ, ಹನ್ನೊಂದು ವರ್ಷ, ನಿನ್ನೆಯವರೆಗೆ, ನಾನು ಯಾರ ಹತ್ತಿರವೂ ಆಡದ ಮಾತಿಗೆ ಬರುತ್ತೇನೆ. ಎಪ್ಪತ್ತೆರಡನೆಯ ಇಸವಿಯಲ್ಲಿ ನೀವು ಇಪ್ಪತ್ತೊಂದು ದಿನ ಕುಡಿಯದೆ ಇದ್ದಿರಿ. ಕಾಲು ಬಾತು, ಅಮ್ಮ ಅತ್ತು, ನೀವು ಕುಪ್ಪಿಯನ್ನು ಹಿತ್ತಲಿಗೆ ಎಸೆದಿದ್ದಿರಿ. ಅಷ್ಟೂ ದಿನ ಚಾವಡಿಯ ಕಂಬಕ್ಕೆ ಒರಗಿ ಬಲಗೈಯ ಬೆರಳನ್ನು ಎಡಗೈಯ ಮಣಿಕಟ್ಟಿಗೆ ಇಟ್ಟುಕೊಂಡು ಕುಳಿತಿರುತ್ತಿದ್ದಿರಿ. ಮಾವ ಬಳೆಯ ಅಳತೆ ನೋಡುತ್ತಿದ್ದಾರೆ ಎಂದು ನಾವೆಲ್ಲ ತಮಾಷೆ ಮಾಡಿದೆವು. ಮೊದಲು ನಕ್ಕವನು ನಾನು. ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ನೀವು ನನ್ನನ್ನು ದನದ ಹಟ್ಟಿಯ ಹಿಂದೆ ಕರೆದಿರಿ. ನಿಮ್ಮ ತುಟಿ ಬಿಳಿಯಾಗಿತ್ತು. "ಸಂಕಪ್ಪ, ನನ್ನ ಎದೆ ನಿಲ್ತದೆ ಮಾರಾಯ. ಒಂದು ಕುಪ್ಪಿ ತಾ. ನಿನ್ನ ಅಮ್ಮನಿಗೆ ಹೇಳಬೇಡ." ನಾನು ಸೈಕಲ್ ತುಳಿದೆ, ಅಂಗಿಯೊಳಗೆ ಕುಪ್ಪಿ ಅಡಗಿಸಿ ತಂದೆ. ನೀವು ಕುಡಿದಿರಿ. ಕಾಲು ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು. ನನ್ನ ಬೆನ್ನು ತಟ್ಟಿ, "ಜೀವ ಉಳಿಸಿದಿ" ಎಂದಿರಿ. ಮಾವನ ಜೀವ ಉಳಿಸಿದವನೆಂದು ನಾನು ಎದೆ ಉಬ್ಬಿಸಿ ತಿರುಗಿದೆ. ಎರಡು ವರ್ಷಕ್ಕೆ ನಿಮ್ಮ ಹೊಟ್ಟೆಯಲ್ಲಿ ನೀರು ತುಂಬಿತು.

ನಿಮ್ಮ ಎದೆ ಅವತ್ತು ನಿಲ್ಲುತ್ತಿರಲಿಲ್ಲ, ಮಾವ. ಅದು ಈ ಹೆದರಿಕೆಯೇ. ನನಗೆ ಈಗ ಅದರ ಒಂದೊಂದು ಚೇಷ್ಟೆಯೂ ಗೊತ್ತು. ಈ ಹೆದರಿಕೆಗೆ ಕೊಲ್ಲುವ ತಾಕತ್ತು ಇದ್ದಿದ್ದರೆ ಹದಿನೆಂಟು ತಿಂಗಳಲ್ಲಿ ನಾನು ನಾನೂರು ಸಲ ಸಾಯಬೇಕಿತ್ತು. ಅದು ಬರುತ್ತದೆ, ಎದೆಯ ಮೇಲೆ ಕುಣಿಯುತ್ತದೆ, ಅರ್ಧ ಗಂಟೆಯಲ್ಲಿ ದಣಿದು ಹೋಗುತ್ತದೆ. ನಿಮ್ಮನ್ನು ಕೊಂದದ್ದು ಅದಕ್ಕೆ ಕೊಟ್ಟ ಮದ್ದು. ಆ ಮದ್ದನ್ನು ಅಂಗಿಯೊಳಗೆ ತಂದವನು ನಾನು.

ಇನ್ನು ನಿನ್ನೆಯದ್ದು. ಹೊತ್ತು ಮುಳುಗುವ ಮೊದಲೇ ನನ್ನ ಹೆಂಡತಿ ರಾಜೀವಿ ಸಾರು ಇಳಿಸಿದ್ದಳು. ನಾನೇ ಎಲೆ ಹಾಕಿದೆ. ನಾನೇ ಕುಪ್ಪಿಯ ಮುಚ್ಚಳ ತೆಗೆದು ಗ್ಲಾಸಿಗೆ ಹೊಯ್ದೆ. ನೆಲಕ್ಕೆ ಸ್ವಲ್ಪ ಚೆಲ್ಲಿತು. ಬಾಗಿಲು ಮುಚ್ಚಿ ಹೊರಗೆ ಬಂದು ಕುಳಿತೆವು. ಡೊಂಬಯ್ಯ ಕೆಮ್ಮಿ, "ಆಯ್ತು, ಇನ್ನು ತೆಗೆಯುವ" ಎಂದರು. ಬಾಗಿಲು ತೆಗೆದರು, ಗ್ಲಾಸನ್ನು ತಂದು ನನ್ನ ಮುಂದೆ ಹಿಡಿದರು. ನನ್ನ ಎದೆ ಆಗ ಹೇಗೆ ಹೊಡೆಯುತ್ತಿತ್ತೆಂದರೆ ಅಂಗಿ ಅಲುಗುವುದು ಎಲ್ಲರಿಗೂ ಕಾಣುತ್ತಿತ್ತು. "ನೋಡು, ಮಾವನೇ ಕೇಳುತ್ತಿದ್ದಾರೆ" ಎಂದರು ಡೊಂಬಯ್ಯ.

ನನಗೆ ಸಿಟ್ಟು ಬಂತು. ಪುಣ್ಯಕ್ಕೆ ಬಂತು. "ಮಾವನಿಗೆ ಬಾಯಾರಿಕೆ ಇಲ್ಲ. ಅವರಿಗೆ ಇದ್ದದ್ದೂ ಹೆದರಿಕೆಯೇ. ಅವರ ಎದೆ ನಿಲ್ಲುತ್ತಿರಲಿಲ್ಲ. ನಾನು ಕುಪ್ಪಿ ತಂದುಕೊಟ್ಟೆ" ಎಂದೆ. ಹಟ್ಟಿಯ ಹಿಂದೆ ನಡೆದದ್ದನ್ನು ಪೂರ್ತಿ ಹೇಳಿದೆ, ಅಮ್ಮನ ಮುಖ ನೋಡಿಯೇ ಹೇಳಿದೆ. ನೀವೇ ಪೇಟೆಗೆ ನಡೆದು ಹೋಗಿ ಕುಡಿದು ಬಂದಿರಿ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು, ಅದಕ್ಕಾಗಿ ನಿಮ್ಮ ಮೇಲೆ ಕೋಪ ಇಟ್ಟುಕೊಂಡಿದ್ದಳು. "ಇದನ್ನು ಕುಡಿದರೆ ನಾನೂ ಆ ದಾರಿಯೇ. ಕುಡಿಯದೆ ಸತ್ತರೆ ಸಾಯುತ್ತೇನೆ, ಇದನ್ನು ಮಾತ್ರ ಮುಟ್ಟುವುದಿಲ್ಲ" ಎಂದೆ.

"ಸತ್ತವರ ಪಾಲು ಹಾಗೆಯೇ ಬಿಡಬಾರದು" ಎಂದು ಡೊಂಬಯ್ಯ ಗ್ಲಾಸನ್ನು ಇನ್ನೂ ಹತ್ತಿರ ತಂದರು.

ಅಮ್ಮ ಎದ್ದಳು. ನನಗೆ ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಡೊಂಬಯ್ಯನ ಕೈಯಿಂದ ಗ್ಲಾಸು ತೆಗೆದುಕೊಂಡಳು. ಅರುವತ್ತೆರಡು ವರ್ಷ ಆ ವಾಸನೆಯ ಮನೆಯಲ್ಲಿ ಬದುಕಿ ನಾಲಿಗೆಗೆ ಒಂದು ತೊಟ್ಟು ತಾಗಿಸದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದು ದೊಡ್ಡ ಗುಟುಕು ನುಂಗಿಬಿಟ್ಟಳು. ಕೆಮ್ಮಿ, ಕಣ್ಣಲ್ಲಿ ನೀರು ಬಂದು, ಕಂಬ ಹಿಡಿದು ನಿಂತು ಹೇಳಿದಳು: "ಅಣ್ಣನ ಪಾಲು ತಂಗಿ ಕುಡಿದಳು. ಇನ್ನು ಇವನ ಹತ್ತಿರ ಯಾರೂ ಕೇಳಲಿಕ್ಕಿಲ್ಲ. ನೀವೂ ಕೇಳಲಿಕ್ಕಿಲ್ಲ, ಡೊಂಬಯ್ಯ." ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಇಷ್ಟು ಕಹಿ ಉಂಟಲ್ಲ! ಇದಕ್ಕಾ ನೀವಿಬ್ಬರು ನನ್ನನ್ನು ಇಷ್ಟು ಅಳಿಸಿದ್ದು?"

ನಿಮ್ಮ ಹತ್ತಿರ ಅದಕ್ಕೆ ಉತ್ತರ ಇದ್ದರೆ ಕಳಿಸಿಕೊಡಿ. ನಾನು ಅವಳ ಕಾಲು ಹಿಡಿದು ಅತ್ತೆ. ಕುಪ್ಪಿಯ ವಿಷಯಕ್ಕೆ ಅವಳು ಕ್ಷಮಿಸಿದಳೋ ಇಲ್ಲವೋ ಇನ್ನೂ ಗೊತ್ತಿಲ್ಲ. ಊಟಕ್ಕೆ ಕುಳಿತಾಗ ಮಾತ್ರ ಕೋಳಿಯ ಒಳ್ಳೆಯ ತುಂಡು ನನ್ನ ಎಲೆಗೇ ಬಿತ್ತು.

ಇವತ್ತು ಬೆಳಗ್ಗೆ ಎದೆ ಪುನಃ ಹಾರಿತು. ನೀವು ಇಳಿದು ಹೋದ ಲಕ್ಷಣ ಏನೂ ಕಾಣಲಿಲ್ಲ, ಕಾಣುವುದೂ ಇಲ್ಲ, ಏಕೆಂದರೆ ಅಲ್ಲಿ ಕುಳಿತದ್ದು ನೀವಲ್ಲ. ನಾಡಿಯನ್ನು ಒಮ್ಮೆ ಮುಟ್ಟಿ ನೋಡಿದೆ, ಸುಳ್ಳು ಹೇಳುವುದಿಲ್ಲ. ನಾಳೆಯೂ ನೋಡುತ್ತೇನೋ ಏನೋ. ಹಾರಲಿ. ಎಷ್ಟು ಬೇಕಾದರೂ ಹಾರಲಿ. ಅದು ಹಾರಿದ್ದಕ್ಕೆಲ್ಲ ನಾನು ಕುಪ್ಪಿ ತರುವುದಿಲ್ಲ.

ಮಾವ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ಕೈಗೆ ಮೊದಲ ಗ್ಲಾಸು ಕೊಟ್ಟವರು ನೀವು. ಅದಕ್ಕೆ ನನಗೆ ಸಿಟ್ಟು ಉಂಟು. ಬಸ್ಸು ಕಲಿಸಲಿಕ್ಕೆ ಹಾಕಿದವರೂ ನೀವೇ, ಅಪ್ಪನ ಮುಖ ಕಾಣದ ನನ್ನನ್ನು ಹೆಗಲ ಮೇಲೆ ಹೊತ್ತವರೂ ನೀವೇ. ಹಾಗಾಗಿ ಆ ಸಿಟ್ಟು ಹೆಚ್ಚು ಹೊತ್ತು ಉಳಿಯುವುದಿಲ್ಲ. ಅವತ್ತು ಹಟ್ಟಿಯ ಹಿಂದೆ ನಾನು ಸೈಕಲ್ ಹತ್ತಬಾರದಿತ್ತು. ನಿಮ್ಮ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ನಿಮ್ಮ ಕೈ ಹಿಡಿದು, "ಅರ್ಧ ಗಂಟೆ ಮಾವ, ಅರ್ಧ ಗಂಟೆ ಕೂತುಕೊಳ್ಳುವ, ಇದು ಹೋಗ್ತದೆ" ಎಂದು ಹೇಳಬೇಕಿತ್ತು. ನನಗೆ ಆಗ ಅದು ಗೊತ್ತಿರಲಿಲ್ಲ. ಹೇಳುವವರು ನಿಮಗೆ ಒಬ್ಬರೂ ಇರಲಿಲ್ಲ.

ಬರುವ ಆಟಿಗೂ ಬನ್ನಿ. ಕೋಳಿ ಉಂಟು, ರೊಟ್ಟಿ ಉಂಟು, ಗ್ಲಾಸಿನಲ್ಲಿ ನೀರು ಉಂಟು. ನೀವಿರುವಲ್ಲಿ ನಿಮ್ಮ ಎದೆಗೆ ನೆಮ್ಮದಿ ಇರಲಿ, ಅಮ್ಮನಿಗೆ ನಿಮ್ಮ ಮೇಲಿನ ಕೋಪ ಇಳಿಯಲಿ. ನನ್ನನ್ನು ಹರಸಿ, ಮಾವ, ಆದರೆ ಕರೆಯಬೇಡಿ. ನನಗೆ ಅಲ್ಲಿಗೆ ಬರಲಿಕ್ಕೆ ಇನ್ನೂ ಪುರುಸೊತ್ತಿಲ್ಲ.

ನಿಮ್ಮ ಅಳಿಯ,
ಇನ್ನೂ ಸಾಯದ ಸಂಕಪ್ಪ