ಸಾಲುಗಳ ನಡುವಿನ ಉಸಿರು

ಮಾರ್ಚ್ 4, ಬೆಳಿಗ್ಗೆ

ಶೋಗೆ ಬೇಕಾದ ಹಿನ್ನೆಲೆ ಟ್ರ್ಯಾಕಿಗೆ ಲ್ಯಾಪ್‌ಟಾಪಿನಲ್ಲಿ ಡ್ರಮ್ ಕೂರಿಸಿದ್ದು ಮುಗಿಯಿತು. ಬೇಸ್ ಗಿಟಾರ್ ಮಧ್ಯದಲ್ಲಿ ಎಡವುತ್ತಿತ್ತು, ಸರಿ ಮಾಡಿದೆ. ಇನ್ನು ಅಕ್ಕನ ದನಿ ಕೂರಿಸಬೇಕು. ಹೋದ ವರ್ಷ ಪ್ರಾಕ್ಟೀಸಿಗೆಂದು ಇದೇ ಕೋಣೆಯಲ್ಲಿ ಅವಳಿಂದ ಹಾಡಿಸಿ ಇಟ್ಟಿದ್ದು ಈಗ ಉಪಯೋಗಕ್ಕೆ ಬಂತು. ಗಂಟಲಿನ ಆಪರೇಷನ್ ಆದಾಗಿನಿಂದ ಅಕ್ಕನ ಮಾತು ಬಂದ್. ಪಿಸುಮಾತೂ ಕೂಡದು ಎಂದಿದ್ದಾರೆ ಡಾಕ್ಟರು.

ನಾವು ಹಾಡಲು ಒಪ್ಪಿಕೊಂಡ ಹೋಟೆಲಿನ ಮ್ಯಾನೇಜರ್ ಮಾತ್ರ ಜಗ್ಗುವುದಿಲ್ಲ. "ಅಕ್ಕ-ತಂಗಿ ಜೋಡಿ ಅಂತ ಬೋರ್ಡ್ ಹಾಕಿದೀವಿ. ಒಬ್ರೇ ಬಂದ್ರೆ ಹೇಗೆ ಮೇಡಂ?" ಸರಿ, ಇಬ್ಬರೂ ಹೋಗುವುದು. ನಾನು ಹಾಡುತ್ತೇನೆ. ಅಕ್ಕ ಪಕ್ಕದಲ್ಲಿ ನಿಂತು ತುಟಿ ಆಡಿಸುತ್ತಾಳೆ, ದನಿ ಲ್ಯಾಪ್‌ಟಾಪಿನಿಂದ ಬರುತ್ತದೆ. ಮೋಸವೇ. ಇರಲಿ.

ಅಕ್ಕ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು: "ನಾನು ಚೆನ್ನಾಗಿ ಕಾಣ್ತೀನಲ್ಲ, ಅಷ್ಟು ಸಾಕು." ಜಂಬದ ಕೋಳಿ.

ಮಾರ್ಚ್ 5

ಇಡೀ ದಿನ ಉಸಿರು ಕತ್ತರಿಸಿದೆ. ಪ್ರತಿ ಸಾಲಿಗೆ ಮುಂಚೆ ಅಕ್ಕ ಸೊರ್ರನೆ ಉಸಿರೆಳೆದುಕೊಳ್ಳುತ್ತಾಳೆ. ಎದುರಿಗೆ ನಿಂತು ಹಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹೆಡ್‌ಫೋನಿನಲ್ಲಿ ಕೇಳಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಬೇರೆಯವರು ಆ ಸದ್ದನ್ನು ಸ್ವಲ್ಪ ತಗ್ಗಿಸಿ ಬಿಟ್ಟುಬಿಡುತ್ತಾರಂತೆ. ನನಗೆ ಸಮಾಧಾನವಿಲ್ಲ. ಎಲ್ಲ ಹಾಡುಗಳಲ್ಲೂ ಒಂದೊಂದನ್ನೇ ಹುಡುಕಿ ಕತ್ತರಿಸಿ ಎಸೆದೆ. ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿದೆ — ಎರಡೆರಡು ಇಟ್ಟುಕೊಳ್ಳಲು ಜಾಗವೆಲ್ಲಿದೆ?

ಈಗ ದನಿ ತೊಳೆದಿಟ್ಟ ಗಾಜಿನ ಹಾಗಿದೆ. ಖುಷಿಯಾಯಿತು.

ಮಾರ್ಚ್ 8

ಮೊದಲ ಶೋ. ಯಾರಿಗೂ ಅನುಮಾನ ಬರಲಿಲ್ಲ. ಚಪ್ಪಾಳೆ ಅಕ್ಕನಿಗೇ ಹೆಚ್ಚು! ಸೌಂಡ್ ನೋಡಿಕೊಳ್ಳುವ ಫ್ಯೂಸಣ್ಣ (ಮುಟ್ಟಿದ್ದೆಲ್ಲ ಸುಟ್ಟುಹಾಕುತ್ತಾನೆ, ಅದಕ್ಕೇ ಆ ಹೆಸರು) ವೈರ್ ಸುತ್ತುತ್ತಾ ಹೇಳಿದ:

"ಎಲ್ಲೂ ಉಸಿರೇ ತಗೊಳ್ಳಲ್ವಲ್ಲ ನಿಮ್ಮಕ್ಕ. ನೋಡ್ತಾ ನೋಡ್ತಾ ನನಗೇ ಉಸಿರು ಕಟ್ತು."

"ಟ್ರ್ಯಾಕಿಂದ ತೆಗೆದುಹಾಕಿದೀನಿ, ಅದಕ್ಕೆ."

"ಟ್ರ್ಯಾಕ್ ವಿಷಯ ಅಲ್ಲ ಹೇಳಿದ್ದು. ಅಲ್ಲಿ ನಿಂತಿದ್ರಲ್ಲ, ಅವರ ವಿಷಯ."

ಮನೆಗೆ ಬರುವಾಗ ಅಕ್ಕನ ತುಟಿ ನೀಲಿಯಾಗಿ ಕಂಡಿತು. ಸ್ಟೇಜಿನ ಲೈಟು ನನ್ನ ಕಣ್ಣಲ್ಲೇ ಉಳಿದಿರಬೇಕು.

ಮಾರ್ಚ್ 11

ಗಂಟಲು ಪೂರ್ತಿ ವಾಸಿಯಾಗಿದೆಯಂತೆ. "ಇನ್ನು ಧಾರಾಳವಾಗಿ ಮಾತಾಡಿ" ಎಂದರು ಡಾಕ್ಟರು. ಅಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ.

"ಮೊದಲು ಉಸಿರು ತಗೊಳ್ಳಿ, ಆಮೇಲೆ ಮಾತು" ಎಂದು ನಕ್ಕರು. ಅಕ್ಕ ನಗಲಿಲ್ಲ. ಬಸ್ಸಿನಲ್ಲಿ ಫೋನ್ ತೋರಿಸಿದಳು: "ಮಾತಿಗೆ ಅಂತ ಉಸಿರು ಎಳ್ಕೊಳ್ಳೋಕೆ ಹೋದ್ರೆ ಅಲ್ಲಿ ಏನೂ ಇಲ್ಲ ಪುಟ್ಟೀ. ಖಾಲಿ."

ಅವಳ ಕೈ ಹಿಡಿದುಕೊಂಡು ಕೂತೆ. ಹೆದರಿಕೆ ನನಗೇ ಹೆಚ್ಚಾಗಿತ್ತು.

ಮಾರ್ಚ್ 12, ಮಧ್ಯಾಹ್ನ

ಇದನ್ನು ಬರೆದಿಡಬೇಕು.

ಹೆಡ್‌ಫೋನ್ ಹಾಕಿಕೊಂಡು ಟ್ರ್ಯಾಕ್ ಕೇಳುತ್ತಿದ್ದೆ. ಎದುರಿಗೆ ಅಡುಗೆಮನೆ, ಬಾಗಿಲು ತೆರೆದಿತ್ತು, ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ಹಾಡು ಶುರುವಾಗುತ್ತಲೇ ಅವಳ ಚಾಕು ನಿಂತಿತು. ತುಟಿ ಆಡತೊಡಗಿತು — ಇದೇ ಸಾಲು, ಇದೇ ಅಕ್ಷರ. ಅವಳಿಗೆ ಕೇಳಿಸಲು ಸಾಧ್ಯವೇ ಇಲ್ಲ. ಕುತ್ತಿಗೆಯ ನರ ಬಿಗಿಯುತ್ತಾ ಹೋಯಿತು. ಸಾಲಿನ ಮೇಲೆ ಸಾಲು, ನಡುವೆ ಉಸಿರಿಲ್ಲ... ಗಾಬರಿಯಾಗಿ ನಿಲ್ಲಿಸಿದೆ. ಬಾವಿಯಿಂದ ಮೇಲೆತ್ತಿದವರ ಹಾಗೆ ಗಾಳಿ ಎಳೆದುಕೊಂಡಳು. ಆಮೇಲೆ ಏನೂ ಆಗದವಳಂತೆ ಮತ್ತೆ ಹೆಚ್ಚತೊಡಗಿದಳು.

ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಹಾಕಿದೆ. ಥೂ, ನಾಚಿಕೆಯಾಗಬೇಕು ನನಗೆ. ಚಾಕು ಕೆಳಗೆ ಬಿತ್ತು.

ಸಂಜೆ

ಅಳಿಸಿಬಿಟ್ಟರಾಯಿತು ಎಂದುಕೊಂಡೆ. ಒಂದು ಹಾಡನ್ನು ಡಿಲೀಟ್ ಮಾಡಿದೆ. ಪಕ್ಕದ ಕೋಣೆಯಲ್ಲಿ ಧಡ್ ಎಂದಿತು. ಅಕ್ಕ ನೆಲದ ಮೇಲಿದ್ದಳು, ಕೈ ಗಂಟಲಿನ ಮೇಲೆ, ಕಣ್ಣು ನನ್ನ ಮೇಲೆ. ಓಡಿ ಬಂದು ಫೈಲು ವಾಪಸ್ ತಂದೆ. ಎದ್ದು ಕೂತಳು. "ಕಾಲು ಜಾರ್ತು" ಎಂದು ಟೈಪ್ ಮಾಡಿದಳು.

ಅಳಿಸುವಂತಿಲ್ಲ. ಕತ್ತರಿಸಿದ್ದನ್ನು ತಿರುಗಿ ಹಾಕಬೇಕು. ಎಲ್ಲಿಂದ ತರಲಿ? ಪೆನ್‌ಡ್ರೈವ್, ಹಳೆಯ ಫೋನು, ಎಲ್ಲ ಜಾಲಾಡಿದೆ. ಅಕ್ಕನ ಹಳೆಯ ರೆಕಾರ್ಡಿಂಗ್ ಏನಾದರೂ ಇದೆಯಾ ಎಂದು ಫ್ಯೂಸಣ್ಣನಿಗೂ ಫೋನ್ ಮಾಡಿದೆ. "ಅಯ್ಯೋ, ನಾವು ಅದನ್ನೆಲ್ಲ ಇಟ್ಕೊಳ್ಳಲ್ಲ" ಎಂದ.

ಮಾರ್ಚ್ 13

ಅಕ್ಕನನ್ನು ಮೈಕಿನ ಮುಂದೆ ಕೂರಿಸಿದೆ. "ಹಾಡಬೇಡ, ಸುಮ್ನೆ ಉಸಿರಾಡು." ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಸ್ಕ್ರೀನಿನ ಮೇಲೆ ಗೆರೆ ಅಲುಗಲಿಲ್ಲ. ಫ್ಯಾನಿನ ಸದ್ದು ಹಿಡಿಯಿತು, ಕುರ್ಚಿಯ ಕಿರುಗುಟ್ಟುವಿಕೆ ಹಿಡಿಯಿತು. ಮೈಕಿನ ಪಾಲಿಗೆ ಅಕ್ಕ ಕೂತ ಜಾಗದಲ್ಲಿ ಯಾರೂ ಇರಲಿಲ್ಲ.

ಅವಳು ಎದ್ದು ಹೋದ ಮೇಲೆ ನಾನೇ ಕೂತೆ. ಹುಚ್ಚು ಎನಿಸಿದರೂ ಮೈಕಿಗೆ ಬಾಯಿಟ್ಟು ಒಂದು ಉಸಿರೆಳೆದೆ. ಅದನ್ನು ಕತ್ತರಿಸಿ ಅಕ್ಕನ ಮೊದಲ ಸಾಲಿನ ಮುಂದೆ ಅಂಟಿಸಿದೆ. ಹಾಕಿದೆ.

ಒಳಗಿನಿಂದ ಅಕ್ಕ ಆ ಒಂದು ಸಾಲು ಗುನುಗಿದ್ದು ಕೇಳಿಸಿತು.

ಮಾರ್ಚ್ 14

ಒಂದು ಹಾಡು ಪೂರ್ತಿಯಾಯಿತು. ಒಂದೇ ಉಸಿರನ್ನು ಕಾಪಿ ಮಾಡಿ ಅಂಟಿಸಿದರೆ ಆಗುವುದಿಲ್ಲ, ಸಾಲು ಸಾಲಿಗೂ ಹೊಸದಾಗಿ ಎಳೆಯಬೇಕು. ಅಕ್ಕ ಬಾಗಿಲಲ್ಲಿ ನಿಂತು "ಪುಟ್ಟೀ" ಎಂದಳು. ಒರಟು ದನಿ, ಆದರೆ ಅವಳದೇ. ನಾನು ಗೊಳೋ ಎಂದು ಅತ್ತೆ.

"ಯಾಕೆ ಅಳ್ತೀಯಾ? ಅಷ್ಟು ಕೆಟ್ಟದಾಗಿದೆಯಾ ನನ್ನ ದನಿ?"

"ಕಾಗೆ ಥರ ಇದೆ."

"ಕಾಗೆಯ ತಂಗಿ ನೀನು, ನೆನಪಿರಲಿ."

ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಮಾರ್ಚ್ 19

ನಾಲ್ಕು ದಿನ ಬರೆದಿಲ್ಲ. ಹಗಲೆಲ್ಲ ಮೈಕಿನ ಮುಂದೆ. ಒಂದೊಂದು ಹಾಡಿಗೂ ಅಕ್ಕನ ದನಿ ತಿಳಿಯಾಗುತ್ತಿದೆ.

ಇವತ್ತು ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಟ್ಟೆ. ನೆಗಡಿಯಲ್ಲ, ಸುಸ್ತೂ ಅಲ್ಲ. ಎಳೆದುಕೊಳ್ಳಲು ಹೋದರೆ ಅಲ್ಲಿ ಏನೂ ಇಲ್ಲ... ಅಕ್ಕ ಬಸ್ಸಿನಲ್ಲಿ ಹೇಳಿದ್ದು ಆಗ ಅರ್ಥವಾಯಿತು. ಮೈಕಿಗೆ ಕೊಟ್ಟದ್ದು ನನ್ನ ಬಳಿ ಇಲ್ಲ.

ಇನ್ನೊಂದೇ ಹಾಡು ಉಳಿದಿದೆ. ಶೋ ಮುಗಿಸುವ ದೊಡ್ಡ ಹಾಡು. ಉದ್ದುದ್ದ ಸಾಲುಗಳು.

ಮಾರ್ಚ್ 20

ಅದೊಂದನ್ನು ಬಿಟ್ಟುಬಿಡೋಣವೆಂದು ನಿರ್ಧರಿಸಿದ್ದೆ. ಬದುಕುವ ಆಸೆ ಯಾರಿಗಿಲ್ಲ?

ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಗುನುಗುತ್ತಿದ್ದಳು. ಅದೇ ಹಾಡು. ಚಿಕ್ಕಂದಿನಿಂದ ಅವಳ ಬಾಯಲ್ಲಿರುವುದು ಅದೊಂದೇ. ಗುನುಗು ನಡುವೆಯೇ ನಿಂತಿತು. ಬಾಗಿಲು ಬಡಿದೆ. ಭುಜ ಕೊಟ್ಟು ನೂಕಿದೆ, ಚಿಲಕ ಕಿತ್ತುಬಂತು. ಗೋಡೆಗೊರಗಿ ನಿಂತಿದ್ದಳು, ಮುಖ ಕಪ್ಪಿಟ್ಟಿತ್ತು. ಬೆನ್ನಿಗೆ ಗುದ್ದಿದ ಮೇಲೆ ಉಸಿರು ಬಂತು.

"ಆ ಹಾಡು ಹಾಡಬೇಡ, ದಮ್ಮಯ್ಯ."

"ಹಾಡಿದ್ನಾ? ನನಗೆ ಗೊತ್ತೇ ಆಗ್ಲಿಲ್ಲ."

ಗೊತ್ತಾಗದೆ ಹಾಡುವವಳನ್ನು ತಡೆಯುವುದು ಹೇಗೆ?

ಮಾರ್ಚ್ 22

ಅರ್ಧ ಹಾಡು ಆಯಿತು. ಅಕ್ಕ ನನ್ನನ್ನೇ ನೋಡುತ್ತಾಳೆ.

"ಏನಿದು ಏದುಸಿರು? ಡಾಕ್ಟರ್ ಹತ್ರ ಹೋಗೋಣ ನಡಿ."

"ನೆಗಡಿ."

"ನೆಗಡಿಗೆ ತುಟಿ ನೀಲಿ ಆಗುತ್ತಾ? ನಿಜ ಹೇಳು."

ಹೇಳಿದರೆ ಬಿಡುವುದಿಲ್ಲ ಅವಳು. ಹೇಳಲಿಲ್ಲ. ನಾಳೆ ಹೋಗೋಣ ಎಂದೆ.

ಮಾರ್ಚ್ 23, ಮಧ್ಯಾಹ್ನ

ಅಕ್ಕ ಒಳಗೆ ಹಾಡುತ್ತಿದ್ದಾಳೆ. ದೊಡ್ಡ ಹಾಡು. ತುಂಬು ದನಿ. ಎಷ್ಟು ಚೆಂದ.

ಹೊಟ್ಟೆಕಿಚ್ಚಾಗುತ್ತಿದೆ ಸ್ವಲ್ಪ. ಆಗಲಿ.

ಕೊನೆಯ ಸಾಲಿನ ಉಸಿರು ಬಾಕಿ ಇತ್ತು. ಮೈಕಿಗೆ ಕೊಟ್ಟೆ. ಅಂಟಿಸಿದೆ. ಸೇವ್.

ಹಾಡಿದಳು. ಎಲ್ಲೂ ನಿಲ್ಲಲಿಲ್ಲ. ಮುಗಿಸಿದಳು.

ಈಗ ಕರೆಯುತ್ತಿದ್ದಾಳೆ. "ಪುಟ್ಟೀ, ಕೇಳಿಸ್ತಾ?"

ಹೂಂ ಎನ್ನಬೇಕು. ಅದಕ್ಕೂ ಒಂದು