ಹಿಂದಿನ ಎರಡು ಟೈರುಗಳು

ಮೀಸ್ಬಾಖ್, ಅಕ್ಟೋಬರ್ 28

ಪ್ರೀತಿಯ ಕೋರ್ಬಿನಿಯನ್,

ಟೈರ್ ಅಂಗಡಿಯ ಲೆಹ್ನರ್ ಫೋನ್ ಮಾಡಿದ್ದರು. "ಬೇಸಿಗೆಗೆ ನಮ್ಮಲ್ಲಿಟ್ಟಿದ್ರಲ್ಲ, ನಿಮ್ಮ ಸ್ಪೋರ್ಟ್ಸ್ ಕಾರಿನ ಚಳಿಗಾಲದ ಟೈರು, ಅದ್ರಲ್ಲಿ ಹಿಂದಿನವೆರಡೂ ಸವೆದು ಬೋಳಾಗಿವೆ ಮೇಡಂ. ಈ ಕಾರಲ್ಲಿ ಎಂಜಿನ್ನು ಹಿಂದಿನ ಚಕ್ರಾನೇ ತಿರುಗಿಸೋದಲ್ವಾ, ಬೆಟ್ಟ ಹತ್ತಿದ್ರೆ ಹಂಗೇನೆ" ಎಂದರು.

ಯಾವ ಬೆಟ್ಟ? ಹಿಮದಲ್ಲಿ ಜಾರುತ್ತದೆ, ವಸಂತದವರೆಗೆ ಕಾರು ಶೆಡ್ಡಿನಲ್ಲೇ ಇರಲಿ ಎಂದವನು ನೀನು. ನಾನು ಕಳೆದ ಚಳಿಗಾಲವಿಡೀ ಬಸ್ಸಿನಲ್ಲಿ ಓಡಾಡಿದೆ.

ಹಿಮವನ್ನು ಚೆನ್ನಾಗಿ ಕಚ್ಚಿ ಹಿಡಿಯುವ ನಾಲ್ಕು ಹೊಸ ಟೈರುಗಳನ್ನು ನಾನೇ ಆರಿಸಿ ಹಾಕಿಸಿದ್ದೇನೆ. ಹಿಂಬದಿಗೆ ಭಾರವಿರಲೆಂದು ನೀನು ಡಿಕ್ಕಿಯಲ್ಲಿಟ್ಟಿದ್ದ ಮರಳು ಮೂಟೆಯನ್ನು ಇಳಿಸಿದ್ದೇನೆ. ಭಾನುವಾರ ಎಂದಿನಂತೆ ನೀನು ಹೊರಡುವಾಗ ಆ ಭಾರಕ್ಕೆ ಪಕ್ಕದ ಸೀಟಿನಲ್ಲಿ ನಾನಿರುತ್ತೇನೆ.

ಬೆಟ್ಟದ ಮೇಲಿರುವವರು ಯಾರೇ ಆಗಲಿ, ಕಾಫಿಗೆ ಮೂರನೇ ಕಪ್ ಇಡಲು ಹೇಳು.

ನಿನ್ನ ಹೆಂಡತಿ,
ವಾಲ್‌ಬುರ್ಗಾ