ಮೊದಲು ಸತ್ತು ಆಮೇಲೆ ಬದುಕಿದ ವೀರನ ಕುರಿತು ತಾಲ್ಲೂಕು ದಂಡಾಧಿಕಾರಿಗಳಿಗೆ

ಮಾನ್ಯ ದಂಡಾಧಿಕಾರಿಗಳೇ,

ಬರುವ ಸೋಮವಾರ ಸಂಜೆ ಕುರುಗೋಡಿನ ಟೆಂಟ್ ಟಾಕೀಸಿನಲ್ಲಿ ಆಪರೇಟರ್ ಸುಂಕಣ್ಣನು ಊರವರೆಲ್ಲರ ಎದುರು ನಿಂತು, ತಾನು ತೋರಿಸಿದ ಇಂಗ್ಲಿಷ್ ಚಿತ್ರದಲ್ಲಿ ಅಡಗಿರುವ ಕ್ರೈಸ್ತ ಮತದ ಗುಟ್ಟನ್ನು ಬಿಡಿಸಿ ಹೇಳತಕ್ಕದ್ದೆಂದು ತಾವು ಅಪ್ಪಣೆ ಹೊರಡಿಸಿದ್ದೀರಿ. ಸುಂಕಣ್ಣನಿಗೆ ಬರುವ ಇಂಗ್ಲಿಷು ‘ಸ್ಟಾರ್ಟ್’ ಮತ್ತು ‘ಇಂಟರ್ವೆಲ್’ ಎಂಬ ಎರಡು ಮಾತು. ಆ ಎರಡರಲ್ಲಿ ಯಾವುದರಿಂದ ಗುಟ್ಟು ಬಿಡಿಸಬೇಕೆಂದು ತಾವು ಸೂಚಿಸಿಲ್ಲ. ಪೊಲೀಸ್ ಬಂದೋಬಸ್ತಿನ ಅಗತ್ಯ ಕಾಣುವುದಿಲ್ಲವೆಂದು ಮಾತ್ರ ಸ್ಪಷ್ಟವಾಗಿ ಬರೆಸಿದ್ದೀರಿ. ಆ ಸಭೆ ನಡೆದರೆ ಸುಂಕಣ್ಣ ಮನೆಗೆ ನಡೆದುಕೊಂಡು ಹೋಗುವುದಿಲ್ಲ. ನಾಲ್ಕು ಜನ ಹೊತ್ತುಕೊಂಡು ಹೋಗಬೇಕಾದೀತು.

ನಡೆದದ್ದು ಇಷ್ಟು. ಚಿತ್ರ ಕೆಂಪು ಮುಖವಾಡದ ಒಬ್ಬ ಮಹಾವೀರನದು. ಅದು ಸಿರುಗುಪ್ಪದಲ್ಲಿ ಓಡಿ ಮುಗಿದು ಬಸ್ಸಿನ ಮೇಲೆ ನಮ್ಮೂರಿಗೆ ಬರಬೇಕಿತ್ತು. ಬಂದದ್ದು ಚಿತ್ರದ ಕೊನೆಯ ಅರ್ಧದ ರೀಲಿನ ಡಬ್ಬಿ ಮಾತ್ರ. ಮೊದಲ ಅರ್ಧ ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲೇ ಉಳಿದಿತ್ತು. ಜನ ಟೆಂಟಿನ ಕಂಬ ಅಲ್ಲಾಡಿಸತೊಡಗಿದರು. ಟೆಂಟಿನ ಮಾಲೀಕ ಉಜ್ಜಿನಪ್ಪನವರು “ಯಾವುದು ಬಂದೈತೋ ಅದನ್ನ ಹಾಕಲೇ ಸುಂಕಾ” ಎಂದರು. ಸುಂಕಣ್ಣ ಹಾಕಿದ. ವೀರನು ಒಡೆದ ಅಣೆಕಟ್ಟಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತು, ಊರನ್ನು ಉಳಿಸಿ, ಸತ್ತ. ಅವನನ್ನು ಹೂಳಿ ಮೇಲೆ ಬಂಡೆ ಎಳೆದರು. ಅಷ್ಟರಲ್ಲಿ ಮುಂದಿನ ಬಸ್ಸು ಬಂತು. ಅದರಿಂದ ಉಳಿದ ಡಬ್ಬಿ ಇಳಿಸಿದವರಲ್ಲಿ ನಾನೂ ಒಬ್ಬ. ಇಂಟರ್ವೆಲ್ ಆದ ಮೇಲೆ ಅದೇ ವೀರ ನಗುನಗುತ್ತಾ ರೊಟ್ಟಿ ತಿನ್ನುತ್ತಿದ್ದ. ಸತ್ತು, ಹೂಳಿಸಿಕೊಂಡು, ಎದ್ದು ಬಂದವನನ್ನು ಕುರುಗೋಡು ಕಣ್ಣಾರೆ ನೋಡಿತು.

ನಮ್ಮೂರ ಕ್ರೈಸ್ತ ಉಪದೇಶಿ ಏಸುರತ್ನಂ ಅವರು ಎದ್ದು ನಿಂತು ಕೈ ಮುಗಿದರು. ಇಷ್ಟು ವರ್ಷ ತಾವು ಹೇಳಿದ್ದನ್ನು ಯಾರೂ ಕೇಳಲಿಲ್ಲ, ಈಗ ಬಟ್ಟೆಯ ಪರದೆಯೇ ಸಾಕ್ಷಿ ನುಡಿಯಿತು ಎಂದು ಅತ್ತರು. ನಿವೃತ್ತ ಮಾಸ್ತರ ಮರಿಬಸಪ್ಪನವರು ಹಿಂದಿನ ಬೆಂಚಿನಿಂದ ಎದ್ದು, ಇದು ಸಿನಿಮಾ ಅಲ್ಲ, ಮಕ್ಕಳನ್ನು ಮತಕ್ಕೆ ಎಳೆಯುವ ಗಾಳ ಎಂದರು. ಮಾರನೆಯ ದಿನ ಚಹಾದಂಗಡಿಯಲ್ಲಿ ಅವರದೇ ವಾದ ಇನ್ನೊಂದು ಮಗ್ಗುಲಿಗೆ ಹೊರಳಿತು: ಧುಮ್ಮಿಕ್ಕುವ ನೀರನ್ನು ಮೈಮೇಲೆ ತಡೆದವನು ನಮ್ಮ ಶಿವನೇ, ಅವನನ್ನು ಕದ್ದು ಮುಖವಾಡ ಹಾಕಿದ್ದಾರೆ. ಗಾಳವೂ ಹೌದು, ಅದಕ್ಕೆ ಸಿಕ್ಕಿಸಿದ ಮೀನೂ ನಮ್ಮದೇ. ಇಂಥ ಪಾಂಡಿತ್ಯಕ್ಕೆ ನಾನು ತಲೆಬಾಗುತ್ತೇನೆ.

ಡಬ್ಬಿ ಹಿಂದುಮುಂದಾಗಿತ್ತೆಂದು ಇಬ್ಬರಿಗೂ ನಾನೇ ಹೋಗಿ ಹೇಳಿದೆ. ಮರಿಬಸಪ್ಪನವರು ಕನ್ನಡಕ ತೆಗೆದು ಒರೆಸುತ್ತಾ, “ತಪ್ಪಿ ಬಂದ್ವು ಅಂತೀಯಲ್ಲ, ತಪ್ಪಿಸಿದೋರು ಯಾರು ಅಂತ ಕೇಳ್ತೀನಿ ನಾನು” ಎಂದರು. ಏಸುರತ್ನಂ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, “ತಮ್ಮಾ, ಡಬ್ಬಿ ತಪ್ಪಲಿಲ್ಲ. ದೇವರು ತಿರುವಿ ಇಟ್ಟಾನ” ಎಂದರು. ಬೇರೆ ಯಾವುದರಲ್ಲೂ ಒಪ್ಪದ ಇಬ್ಬರು ಹಿರಿಯರು, ಅದು ಬೇಕೆಂದೇ ಆದದ್ದು ಎಂಬುದರಲ್ಲಿ ಒಂದಾದರು. ಬೇಕೆಂದು ಆಗಲು ಒಂದು ಕೈ ಬೇಕಲ್ಲ? ಕೈ ಸುಂಕಣ್ಣನದಾಯಿತು. ಹಾಕು ಎಂದ ಉಜ್ಜಿನಪ್ಪನವರ ಬಾಯಿ ಬಳ್ಳಾರಿಯ ಗಾಂಧಿನಗರದಲ್ಲಿ ಬೀಗರ ಮನೆ ಸೇರಿದೆ.

ಪುರಾವೆಯೂ ಸಿಕ್ಕಿತು. ಸುಂಕಣ್ಣನ ತಾಯಿ ಹುಲುಗಮ್ಮ ಎರಡು ಸಲ ಉಪದೇಶಿಗಳ ಪ್ರಾರ್ಥನೆಗೆ ಹೋಗಿದ್ದಳಂತೆ. ಅವಳನ್ನೇ ಕೇಳಿದೆ. “ಮಂಡಿನೋವಿಗೆ ಅಂತ ಹೋಗಿದ್ನೆಪ್ಪಾ. ನೋವು ಹಂಗೇ ಐತಿ, ಕೆಟ್ಟ ಹೆಸರು ಮಾತ್ರ ಬಂತು” ಎಂದಳು. ಈಗ ಅವಳು ನಲ್ಲಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಬೈದರೆ ಚಿಂತೆಯಿಲ್ಲ, ನಮ್ಮೂರಲ್ಲಿ ಬೈಗುಳವೂ ಒಂದು ಬಗೆಯ ಬಳಕೆ. ಮೌನ ಹಾಗಲ್ಲ.

ಮೊನ್ನೆ ಬೆಳಿಗ್ಗೆ ಅವರ ಬಾಗಿಲಿಗೆ ಯಾರೋ ಒಣಹುಲ್ಲಿನ ಹೊರೆ ಒರಗಿಸಿ ಹೋಗಿದ್ದರು. ಆ ಮನೆಯಲ್ಲಿ ದನವಿಲ್ಲ; ಒಣಹುಲ್ಲಿಗೆ ಒಂದು ಬೆಂಕಿಕಡ್ಡಿ ಸಾಕು. ನಿನ್ನೆ ಇನ್ನೊಂದು ಹೊರೆ ಬಂತು. ನನ್ನ ಕುಚೇಷ್ಟೆಗಳು ಊರಿಗೆಲ್ಲ ಗೊತ್ತಿರುವುದರಿಂದ ಸುಂಕಣ್ಣ ನೇರ ನನ್ನ ಬಳಿ ಬಂದ. “ನೀನೇ ಏನಲೇ ಇಟ್ಟಿದ್ದು? ಹೌದು ಅಂದುಬಿಡು, ಬೈಯಂಗಿಲ್ಲ” ಎಂದು ಕೇಳಿದ. ಹೌದು ಎನ್ನುವಂತಿದ್ದರೆ ಎಷ್ಟು ಚೆನ್ನಾಗಿತ್ತು! ಅಲ್ಲ ಎಂದೆ. ಅವನು ಅಲ್ಲೇ ಕಟ್ಟೆಯ ಮೇಲೆ ಕೂತ. “ಸೋಮವಾರ ಏನಂತ ಹೇಳ್ಲಿ? ಗುಟ್ಟು ಐತಿ ಅಂದ್ರ ಹೊಡೀತಾರ. ಇಲ್ಲ ಅಂದ್ರ ಸುಳ್ಳು ಹೇಳ್ತಾನ ಅಂತ ಹೊಡೀತಾರ.” ಇದಕ್ಕೆ ಉತ್ತರ ತಮಗೆ ಹೊಳೆದಿದೆಯೇ, ಸ್ವಾಮಿ?

ತಮಗೆ ಎರಡೂ ಕಡೆಯಿಂದ ಅರ್ಜಿ ಬಂದವು, ಇಬ್ಬರನ್ನೂ ಸಮಾಧಾನಪಡಿಸಲು ಮೂರನೆಯವನನ್ನು ನಡುವೆ ನಿಲ್ಲಿಸಿದಿರಿ. ಆಡಳಿತದ ಜಾಣತನವನ್ನು ಮೆಚ್ಚಿದೆ. ಆದರೆ ಟೆಂಟಿಗೆ ಇರುವುದು ಒಂದೇ ಬಾಗಿಲು. ಈ ವಾರ ಊರಿನ ಗರಡಿಯಲ್ಲಿ ಕುಸ್ತಿ ನಡೆಯುತ್ತಿಲ್ಲ, ದೊಣ್ಣೆಗೆ ಎಣ್ಣೆ ಹಚ್ಚುತ್ತಿದ್ದಾರೆ. ಯಾಕೆ ಎಂದು ಕೇಳಿದರೆ ನಗುತ್ತಾರೆ.

ಆದ್ದರಿಂದ ಸಭೆಯನ್ನು ರದ್ದುಪಡಿಸಿ. ಅಪ್ಪಣೆ ಅಂಟಿಸಿದ ಟೆಂಟಿನ ಬಾಗಿಲಿಗೇ ರದ್ದತಿಯನ್ನೂ ಅಂಟಿಸಿ. ಇಬ್ಬರು ಪೊಲೀಸರನ್ನು ಇಂದೇ ಹುಲುಗಮ್ಮನ ಮನೆಗೆ ಕಳಿಸಿ. ಮೊದಲು ಆ ಹುಲ್ಲನ್ನು ತೆಗೆಸಲಿ. ಇದಾವುದೂ ನಿಯಮದಲ್ಲಿ ಇಲ್ಲವಾದರೆ, ಸೋಮವಾರ ತಾವೇ ಬಂದು ಸುಂಕಣ್ಣನ ಮಗ್ಗುಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರಬೇಕು. ಮೊದಲ ಕಲ್ಲು ಯಾವ ಕಡೆಯಿಂದ ಬಂತೆಂದು ತಮ್ಮ ವರದಿಯಲ್ಲಿ ಬರೆಯಲು ಅಷ್ಟು ಹತ್ತಿರ ಇರಲೇಬೇಕಾಗುತ್ತದೆ.

ಇಂತಿ,
ಸುಂಕಣ್ಣನ ಇನ್ನೊಂದು ಮಗ್ಗುಲಲ್ಲಿ ಕೂರಲು ಒಪ್ಪಿ, ಒಪ್ಪಿದ ಗಳಿಗೆಯಿಂದ ನಿದ್ದೆಗೆಟ್ಟಿರುವ
ಗಾದಿಲಿಂಗಪ್ಪ, ಕುರುಗೋಡು